ಎರಡನೇ ಕೋಟೆಯ ದಾಳ

ದಿಂಬಿನ ಕವರುಗಳ ಅಂಚಿಗೆ ಒಂದು ನೀಲಿ ಗೆರೆ ಇರುತ್ತದೆ. ಮಡಚಿ ಒಂದರ ಮೇಲೊಂದು ಇಟ್ಟರೆ, ಪಕ್ಕದಿಂದ ನೋಡಿದವರು ಗೆರೆ ಎಣಿಸಿ ಎಷ್ಟು ಕವರು ಎಂದು ಹೇಳಿಬಿಡಬಹುದು. ಐದು ವರ್ಷದಿಂದ ಭಾವನ ಇಸ್ತ್ರಿ ಅಂಗಡಿಯಲ್ಲಿ ಅವನ್ನೇ ಮಡಚುತ್ತಿದ್ದೇನೆ, ನನಗೆ ಇದು ಒಂದು ದಿನವೂ ಹೊಳೆದಿರಲಿಲ್ಲ. ಎಲ್ಲೋ ಕೂತಿದ್ದ ಒಬ್ಬ ಗುಮಾಸ್ತನಿಗೆ ಹೊಳೆಯಿತು. ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟಿನ ಕೆಳಗೆ ಏನಿತ್ತು ಅನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಎರಡು ಮೇಜು. ಒಂದರಲ್ಲಿ ಭಾವ ಅಂಗಿ, ಪ್ಯಾಂಟು ಉಜ್ಜುತ್ತಾನೆ. ಇನ್ನೊಂದು ನನ್ನದು, ಎರಡು ಹೋಟೆಲುಗಳ ಹೊದಿಕೆ, ಟವಲು, ದಿಂಬಿನ ಕವರು ಎಲ್ಲ ನನ್ನ ಪಾಲು. ಹಿಂದಿನ ಕೋಣೆಯಲ್ಲಿ ಅಕ್ಕ ಬಟ್ಟೆ ಒಗೆಯುವ ಯಂತ್ರ ನೋಡಿಕೊಳ್ಳುತ್ತಾಳೆ. ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಊಟದ ಹೊತ್ತು. ಶುಕ್ರವಾರ ಮಾತ್ರ ಆ ಒಂದು ಗಂಟೆ ನಾನು ಊಟ ಮಾಡುವುದಿಲ್ಲ, ರಾಜ್ಯ ನಡೆಸುತ್ತೇನೆ.

"ರಾಜರು ಊಟಕ್ಕೆ ಬರ್ತಾರೋ, ಇಲ್ಲಾ ಕೋಟೆಗೇ ಕಳಿಸಿಕೊಡ್ಲೋ?" ಎಂದು ಅಕ್ಕ ಒಳಗಿನಿಂದ ಕೂಗುತ್ತಾಳೆ.

"ನಾನು ರಾಜ ಅಲ್ಲ ಕಣೇ. ಆಟ ನಡೆಸೋನು."

"ಸರಿ, ರಾಜರಿಗೇ ಅಪ್ಪ. ತಟ್ಟೆ ಮುಚ್ಚಿಟ್ಟಿರ್ತೀನಿ."

ಆಟ ನಡೆಯುವುದು ಇಂಟರ್ನೆಟ್ಟಿನ ಒಂದು ಫೋರಂನಲ್ಲಿ. ಹಳೇ ಕಾಲದ ಯುದ್ಧ, ರಾಜ್ಯಭಾರ ಎಂದರೆ ಜೀವ ಬಿಡುವ ಮಂದಿ ಅಲ್ಲಿ ಸೇರುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನಾನು ನಡೆಸುತ್ತಿದ್ದ ಆಟದಲ್ಲಿ ಆರುನೂರು ವರ್ಷದ ಹಿಂದಿನ ಒಂದು ಕಡಲತೀರ. ದೊಡ್ಡ ರಾಜ ಸತ್ತಿದ್ದಾನೆ, ಏಳು ಕೋಟೆಗಳು ಅವನ ಗದ್ದುಗೆಗೆ ಹೊಡೆದಾಡುತ್ತಿವೆ. ತೀರ, ಕೋಟೆ ಎಲ್ಲ ನನ್ನ ತಲೆಯೊಳಗಿಂದ ಬಂದದ್ದು. ನಕ್ಷೆಯನ್ನು ಬಟ್ಟೆ ಕಟ್ಟುವ ಕಂದು ಕಾಗದದ ಮೇಲೆ ನಾನೇ ಬರೆದದ್ದು. ಒಂದೊಂದು ಕೋಟೆಗೆ ಒಬ್ಬ ಆಟಗಾರ. ವಾರಕ್ಕೆ ಒಂದು ಸುತ್ತು. ಶುಕ್ರವಾರ ಹನ್ನೆರಡರೊಳಗೆ ಪ್ರತಿಯೊಬ್ಬರೂ ತಮ್ಮ ಗುಟ್ಟಿನ ಆಜ್ಞೆಯನ್ನು ನನಗೊಬ್ಬನಿಗೇ ಬರೆದು ಕಳಿಸಬೇಕು. ಯಾರು ಯಾರ ಮೇಲೆ ಬೀಳುತ್ತಾರೆ, ಯಾರು ಯಾರಿಗೆ ಕೈ ಕೊಡುತ್ತಾರೆ ಎಂದು ಏಳೂ ಜನರ ಮನಸ್ಸು ಬಲ್ಲವನು ನಾನೊಬ್ಬನೇ. ಕಾಳಗವಾದರೆ ಎರಡು ದಾಳ ಉರುಳಿಸುತ್ತೇನೆ. ಕೋಟೆಯ ಸಂಖ್ಯೆಯ ಸಾಲಿನಲ್ಲೇ ಉರುಳಿಸಬೇಕು: ಒಂದನೆಯದು ಮೊದಲು, ಆಮೇಲೆ ಎರಡು, ಮೂರು. ಬಿದ್ದದ್ದನ್ನು ಮೊದಲು ನೋಟುಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಸುತ್ತು, ಕೋಟೆ ಬರೆದ ಚೀಟಿ ಇಟ್ಟು ಫೋಟೋ ತೆಗೆದು, ಸಂಜೆ ವರದಿಯ ಜೊತೆ ಹಾಕುತ್ತೇನೆ. ಒಬ್ಬನ ಕೈಯ ದಾಳವನ್ನು ಏಳು ಜನ ಕಣ್ಣುಮುಚ್ಚಿ ನಂಬಬೇಕು. ಆಟ ನಿಂತಿರುವುದೇ ಅದರ ಮೇಲೆ.

ವರದಿ ನಾನು ಚೆನ್ನಾಗಿ ಬರೆಯುತ್ತಿದ್ದೆ. ಜಂಬವಲ್ಲ, ಅವರೇ ಹೇಳುತ್ತಿದ್ದರು. ಎರಡು ವರ್ಷದ ಹಿಂದೆ ನನ್ನ ಮೊದಲ ವರದಿ ಓದಿ ಯಾರೋ, "ಇವರು ಯಾವುದೋ ಹೈಸ್ಕೂಲಲ್ಲಿ ಚರಿತ್ರೆ ಹೇಳೋ ಮೇಷ್ಟ್ರೇ ಇರ್ಬೇಕು" ಎಂದು ಬರೆದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಒಂದು ನಗುಮುಖ ಹಾಕಿದೆ. ಅಂದಿನಿಂದ ಫೋರಂಗೆಲ್ಲ ನಾನು ಮೇಷ್ಟ್ರು.

ನಾನು ಶಾಲೆ ಬಿಟ್ಟದ್ದು ಒಂಬತ್ತನೇ ಕ್ಲಾಸಿನಲ್ಲಿ. ಚರಿತ್ರೆ ಪಾಠದಲ್ಲೇ. ಯಾವುದೋ ರಾಜಮನೆತನದ ಪ್ರಶ್ನೆಗೆ ಎದ್ದು ನಿಂತು ಉತ್ತರ ಹೇಳಿದೆ, ಇಸವಿ ತಲೆಕೆಳಗಾಯಿತು. "ಅಪ್ಪ ಹುಟ್ಟೋಕೆ ಮುಂಚೆ ಮಗ ಯುದ್ಧ ಗೆದ್ದನಂತೆ, ಕೇಳ್ರೋ!" ಎಂದರು ಮೇಷ್ಟ್ರು. ಅರವತ್ತು ಬಾಯಿ ಒಟ್ಟಿಗೆ ನಕ್ಕವು. ನಾನು ಬೆಂಚು ಒದ್ದು ಹೊರಗೆ ನಡೆದೆ. ಬ್ಯಾಗು ಅಲ್ಲೇ ಉಳಿಯಿತು. ಮಾರನೇ ದಿನ ಅಕ್ಕ ಹೋಗಿ ತಂದಳು. ನಾನು ಅದನ್ನು ಬಿಚ್ಚಲಿಲ್ಲ. ಹೀಗಿರುವಾಗ ಶುಕ್ರವಾರ ಸಂಜೆ ಏಳು ಜನ "ಮೇಷ್ಟ್ರೇ, ಮೇಷ್ಟ್ರೇ" ಎಂದು ಕಾಯುವುದು ನನಗೆ ಏನಾಗಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಗೋಡೆಯ ಆವಿಯಲ್ಲಿ ಬೇಯುವವನಿಗೆ ಇದ್ದ ಒಂದೇ ಮರ್ಯಾದೆ ಅದು.

ಅದಕ್ಕೆ ಕುತ್ತು ತಂದದ್ದು ಆಲೂಗಡ್ಡೆ.

ನೂರ ಎರಡನೇ ಸುತ್ತಿನ ವರದಿಯಲ್ಲಿ ಗುಡ್ಡದ ಕೋಟೆಯ ಸೈನಿಕರು ಚಳಿಗೆ ಬೆಂಕಿ ಹಾಕಿ ಕೂತು ಆಲೂಗಡ್ಡೆ ಸುಟ್ಟು ತಿಂದರು ಎಂದು ಬರೆದಿದ್ದೆ. ಬೂದಿ ಊದಿ, ಸಿಪ್ಪೆ ಸುಲಿದು, ಬಿಸಿಗೆ ಬಾಯಿ ತೆರೆದು ತಿನ್ನುವುದನ್ನೆಲ್ಲ ಬರೆದಿದ್ದೆ. ಅದರ ಕೆಳಗೆ ಉಪ್ಪಿನಮ್ಮ ಬರೆದರು. ಉಪ್ಪಿನ ಗದ್ದೆಗಳ ನಡುವಿನ ಎರಡನೇ ಕೋಟೆ ಅವರದು, ಅದಕ್ಕೇ ಆ ಹೆಸರು. ಆಟದಲ್ಲಿ ಎಲ್ಲರಿಗಿಂತ ಹಳಬರು, ಎಲ್ಲರಿಗಿಂತ ಮೃದು ಮಾತಿನವರು.

"ವರದಿ ತುಂಬಾ ಚೆನ್ನಾಗಿದೆ ಮೇಷ್ಟ್ರೇ. ಒಂದೇ ಒಂದು. ಆಗಿನ್ನೂ ಆಲೂಗಡ್ಡೆ ಸಮುದ್ರ ದಾಟಿ ಈ ಕಡೆ ಬಂದೇ ಇರ್ಲಿಲ್ಲ. ಅದು ಬಂದಿದ್ದು ಆಮೇಲೆ."

ಗುಡ್ಡದ ಕೋಟೆಯ ಆಟಗಾರ ಲಾರಿ ಓಡಿಸುವವನು, ಎಲ್ಲರೂ ಅವನನ್ನು ಲಾರಿ ಎಂದೇ ಕರೆಯುತ್ತಾರೆ. ಅವನು ಸುಮ್ಮನಿರುವ ಪೈಕಿಯೇ ಅಲ್ಲ. "ಹಾಗಾದ್ರೆ ನನ್ನ ಹುಡುಗ್ರು ತಿಂದಿದ್ದೇನು, ಕಲ್ಲಾ? ಹಲ್ಲಿಗೆ ಪರಿಹಾರ ಕೊಡ್ಸಿ ಮೇಷ್ಟ್ರೇ!" ಇನ್ನೊಬ್ಬ, "ಮಕ್ಕಳಿಗೂ ಹೀಗೇ ಪಾಠ ಹೇಳ್ತೀರಾ?" ಎಂದ. ಗುಮಾಸ್ತ ಮೂರು ಸಾಲಿನಲ್ಲಿ ಆಲೂಗಡ್ಡೆಯ ಪ್ರಯಾಣದ ಇಸವಿಗಳನ್ನೇ ಹಾಕಿದ. ಅವನು ನಿಜವಾಗಿಯೂ ಯಾವುದೋ ಕಚೇರಿಯ ಗುಮಾಸ್ತ. ಲೆಕ್ಕ ತಪ್ಪಿದ್ದು ಕಂಡರೆ ಅವನಿಗೆ ತುರಿಕೆ. ಸಂಜೆಯೊಳಗೆ ನಾನು ಆಲೂಗಡ್ಡೆ ಮೇಷ್ಟ್ರು ಆಗಿದ್ದೆ.

ಪ್ರೀತಿಯ ತಮಾಷೆ ಅದು. ಈಗ ಗೊತ್ತು. ಆಗ ನನ್ನ ಕಿವಿಗೆ ಕೇಳಿದ್ದು ಅರವತ್ತು ಬಾಯಿಯ ನಗು.

ಮುಂದಿನ ಶುಕ್ರವಾರ ಆಜ್ಞೆಗಳು ಬಂದವು. ಮೂರು ಕಾಳಗ. ಎರಡನೆಯದು ಉಪ್ಪಿನಮ್ಮನ ಕೋಟೆಯದು. ಲಾರಿಯ ಗುಡ್ಡದ ಸೈನ್ಯ ಅದರ ಮೇಲೆ ಇಳಿಯುತ್ತಿತ್ತು. ಸೈನ್ಯದಲ್ಲಿ ಅವನದು ಅವರ ಮೂರರಷ್ಟು. ಉಪ್ಪಿನಮ್ಮನ ಆಜ್ಞೆ ಹೀಗಿತ್ತು:

"ಹುಣ್ಣಿಮೆ ಉಬ್ಬರ ಇದೆ. ಗುಡ್ಡದವರು ಉಪ್ಪಿನ ಗದ್ದೆಯ ಬದುವಿನ ಮೇಲೆ ಸಾಲಾಗಿ ಬರಬೇಕು, ಬೇರೆ ದಾರಿ ಇಲ್ಲ. ಅರ್ಧ ದಾರಿಗೆ ಬಂದಾಗ ಎಲ್ಲಾ ತೂಬು ಎತ್ತಿಸಿ. ಬದು ಯಾವುದು, ಗದ್ದೆ ಯಾವುದು ಗೊತ್ತಾಗಬಾರದು. ಯಾರನ್ನೂ ಕೊಲ್ಲಬೇಡಿ. ಹಗ್ಗ ಎಸೆದು ಎಳೆದುಕೊಳ್ಳಿ. ಲಾರಿಯವರ ಹುಡುಗರು ನನಗೆ ಉಪ್ಪು ಹೊರೋಕೆ ಬೇಕು."

ಎರಡು ವರ್ಷದಲ್ಲಿ ಇಷ್ಟು ಚೆಂದದ ಆಜ್ಞೆ ಬಂದಿರಲಿಲ್ಲ. ಆ ತೂಬುಗಳನ್ನು ನಕ್ಷೆಯಲ್ಲಿ ಬರೆದವನು ನಾನು. ಅವು ಯಾಕಿವೆ ಎಂದು ಕಂಡವರು ಅವರು. ಅದು ಇನ್ನಷ್ಟು ಉರಿಸಿತು. ನಿಯಮದ ಪ್ರಕಾರ ಇಂಥ ಉಪಾಯಕ್ಕೆ ಎರಡೂ ದಾಳ ಸೇರಿ ಐದೋ ಅದಕ್ಕಿಂತ ಹೆಚ್ಚೋ ಬಿದ್ದರೆ ಸಾಕು, ಗೆಲುವು ಅವರದು.

ಒಂದನೇ ಕೋಟೆಯ ದಾಳ ಉರುಳಿಸಿದೆ, ಬರೆದೆ, ಫೋಟೋ ತೆಗೆದೆ. ಎರಡನೆಯದು ಉರುಳಿಸಿದೆ. ಐದು, ನಾಲ್ಕು. ಒಂಬತ್ತು. ಕೈ ಅಭ್ಯಾಸಬಲದಿಂದ ನೋಟುಬುಕ್ಕಿನಲ್ಲಿ ಒಂಬತ್ತು ಎಂದು ಬರೆಯಿತು. ಫೋನು ಎತ್ತಿದವನು ಹಾಗೇ ಇಳಿಸಿದೆ. ದಾಳ ಮುಷ್ಟಿಗೆ ತೆಗೆದುಕೊಂಡೆ.

"ಲೋ, ಹೋಟೆಲ್ ಗಾಡಿ ಒಂದಕ್ಕೇ ಬರುತ್ತಂತೆ! ಕವರು ಮುಗಿಸು!" ಎಂದು ಭಾವ ಆಚೆಯಿಂದ ಕೂಗಿದ.

ಐದಾರು ಕವರು ಉಜ್ಜಿದೆ. ಮೂರನೇ ಕೋಟೆಯ ದಾಳ ಉರುಳಿಸಿದೆ, ಫೋಟೋ ತೆಗೆದೆ. ಮತ್ತೆ ಕವರು ಉಜ್ಜಿದೆ. ಇಸ್ತ್ರಿ ಪೆಟ್ಟಿಗೆ ನೂಕುತ್ತಾ ತಲೆಯಲ್ಲಿ ಒಂದೇ ಮಾತು: ಇವರಿಗೆಲ್ಲ ಗೊತ್ತು. ಎಲ್ಲ ಗೊತ್ತು. ಇದು ಗೊತ್ತಾ ನೋಡೋಣ. ಪೆಟ್ಟಿಗೆ ಪಕ್ಕಕ್ಕಿಟ್ಟು ಎರಡನೇ ಕೋಟೆಗೆ ಮತ್ತೆ ಉರುಳಿಸಿದೆ. ಏಳು. ಮತ್ತೆ. ಆರು. ಕೈ ಬೆವೆತು ದಾಳ ಅಂಟುತ್ತಿತ್ತು. ಮತ್ತೆ. ಒಂದು, ಎರಡು. ಮೂರು.

ಫೋಟೋ ತೆಗೆದೆ. ನೋಟುಬುಕ್ಕಿನ ಒಂಬತ್ತರ ಮೇಲೆ ಗೀಟು ಎಳೆದೆ. ಪ್ರತಿ ವಾರ ಫೋಟೋದ ಅಂಚು ಕತ್ತರಿಸಿ ದಾಳ, ಚೀಟಿ ಎರಡೇ ಕಾಣುವ ಹಾಗೆ ಹಾಕುತ್ತಿದ್ದೆ. ಮೇಷ್ಟ್ರ ಹಿಂದೆ ಇಸ್ತ್ರಿ ಮೇಜು ಕಾಣಬಾರದಲ್ಲ. ಆ ದಿನ ಗಾಡಿ ಬಂದು ನಿಂತಿತ್ತು, ಕತ್ತರಿಸಲು ಬಿಡುವಾಗಲಿಲ್ಲ. ಸಂಜೆ ಮೂರನ್ನೂ ಹಾಗೇ ಹಾಕಿದೆ.

ವರದಿ ಮಾತ್ರ ಸೊಗಸಾಗಿ ಬರೆದೆ. ಉಬ್ಬರ ತಡವಾಯಿತು, ತೂಬಿನ ಹಲಗೆಗಳು ಉಪ್ಪು ತಿಂದು ಬಿಗಿದಿದ್ದವು, ಗುಡ್ಡದವರು ಒಣ ಬದುವಿನ ಮೇಲೆ ಓಡಿ ಬಂದರು, ಕೋಟೆ ಬಿತ್ತು. ಓದಿದವರೆಲ್ಲ ಇದೇ ನಿಮ್ಮ ಅತ್ಯುತ್ತಮ ವರದಿ ಎಂದರು. ಲಾರಿ ಕುಣಿದಾಡಿದ. ಉಪ್ಪಿನಮ್ಮ ಬರೆದದ್ದು ಒಂದು ಸಾಲು: "ದಾಳ ಬಿದ್ದ ಮೇಲೆ ಮಾತೇನು. ಗೆದ್ದವರಿಗೆ ಕೋಟೆ, ನನಗೆ ನಿಮ್ಮ ವರದಿ."

ಒಂದು ಗಂಟೆಯ ಮೇಲೆ ನನಗೊಬ್ಬನಿಗೇ ಇನ್ನೊಂದು ಬರೆದರು.

"ಮೇಷ್ಟ್ರೇ, ಹೋದ ವಾರ ಎಲ್ಲರ ಮುಂದೆ ಆಲೂಗಡ್ಡೆ ಮಾತು ಎತ್ತಬಾರದಿತ್ತು. ನಿಮಗೊಬ್ಬರಿಗೇ ಹೇಳಬೇಕಿತ್ತು. ಬೇಜಾರು ಮಾಡ್ಕೋಬೇಡಿ. ನಾನು ತರಕಾರಿ ಬೀಜ ಮಾರೋಳು. ನಾನು ಓದಿರೋದು ಬೀಜದ ಪೊಟ್ಟಣದ ಮೇಲಿರೋದಷ್ಟೇ. ನಮ್ಮ ಸರಕಿನ ವಿಷಯ ಬಂದ್ರೆ ಬಾಯಿ ತಡೆಯಲ್ಲ ನೋಡಿ."

ನಾನು ಫೋನನ್ನು ಟವಲಿನ ರಾಶಿಯ ಕೆಳಗೆ ತೂರಿಸಿ ಕೂತೆ. ಆಗಲೇ ಹೇಳಬಹುದಿತ್ತು. ವರದಿ ಬಿದ್ದು ಒಂದೇ ಗಂಟೆ ಆಗಿತ್ತು, ಅಳಿಸಿ ಬರೆದಿದ್ದರೆ ಯಾರಿಗೂ ನಷ್ಟವಿರಲಿಲ್ಲ. "ಪರವಾಗಿಲ್ಲ ಅಮ್ಮಾ" ಎಂದು ಬರೆದೆ. ಕ್ಷಮಿಸಿದವನ ಹಾಗೆ.

ಎರಡು ಸುತ್ತು ಕಳೆಯಿತು. ಕೋಟೆ ಕಳಕೊಂಡ ಉಪ್ಪಿನಮ್ಮ ಮೂರು ದೋಣಿ ಇಟ್ಟುಕೊಂಡು ಕಡಲಲ್ಲಿ ಅಲೆಯುತ್ತಿದ್ದರು. ಪ್ರತಿ ಶುಕ್ರವಾರ ಎಲ್ಲರಿಗಿಂತ ಮೊದಲು ಅವರ ಆಜ್ಞೆ ಬರುತ್ತಿತ್ತು. ಪ್ರತಿ ಸಲ ನಾನು ಅದನ್ನು ಎಲ್ಲಕ್ಕಿಂತ ಕೊನೆಗೆ ತೆರೆಯುತ್ತಿದ್ದೆ.

ಮೂರನೇ ವಾರ ಬುಧವಾರ ಬೆಳಿಗ್ಗೆ ಗುಮಾಸ್ತ ಆ ಮೂರು ಫೋಟೋಗಳನ್ನು ಸಾಲಾಗಿ ಹಾಕಿದ.

"ಮೇಷ್ಟ್ರು ತಪ್ಪು ತಿಳೀಬಾರದು. ನೂರ ಮೂರನೇ ಸುತ್ತಿನ ಲೆಕ್ಕ ನೋಡ್ತಿದ್ದೆ. ದಾಳದ ಹಿಂದೆ ದಿಂಬಿನ ಕವರಿನ ರಾಶಿ ಇದೆ, ಪ್ರತಿ ಮಡಿಕೆಗೂ ಒಂದು ನೀಲಿ ಗೆರೆ. ಒಂದನೇ ಕೋಟೆ ಫೋಟೋದಲ್ಲಿ ಹನ್ನೊಂದು ಗೆರೆ. ಮೂರನೇದ್ರಲ್ಲಿ ಹದಿನೇಳು. ಎರಡನೇದ್ರಲ್ಲಿ ಮೂವತ್ತು. ರಾಶಿ ಬೆಳೀತಿದೆ ಅಂದ್ರೆ ಎರಡನೇ ಕೋಟೆ ಫೋಟೋ ಕೊನೆಗೆ ತೆಗೆದದ್ದು. ಯಾಕೆ? ಇನ್ನೊಂದು, ಮೇಷ್ಟ್ರ ಮನೇಲಿ ಮೂವತ್ತು ದಿಂಬು ಯಾಕೆ?"

ಮುಖಕ್ಕೆ ಬಿಸಿ ಆವಿ ಹೊಡೆದ ಹಾಗಾಯಿತು. ಒಂದೇ ಏಟಿಗೆ ಎರಡೂ. ದಾಳವೂ, ಮೇಷ್ಟ್ರೂ.

ನಾನು ಮೊದಲು ಮಾಡಿದ್ದು ನನಗೆ ಬರುವ ಕೆಲಸ. "ನಿನಗೆ ಮಾಡೋಕೆ ಕೆಲಸ ಇಲ್ವಾ? ಕಂಡೋರ ಮನೆ ದಿಂಬು ಎಣಿಸ್ತಾ ಕೂತಿದ್ದೀಯಾ? ಎರಡು ವರ್ಷ ಪುಕ್ಕಟೆ ಗೇಯ್ದಿದ್ದಕ್ಕೆ ಇದಾ ಮರ್ಯಾದೆ? ನಂಬಿಕೆ ಇಲ್ಲದಿದ್ರೆ ಎದ್ದು ಹೋಗು" ಎಂದು ಬರೆದೆ. ಪಾಪ, ಗುಮಾಸ್ತ ನನ್ನನ್ನು ಬಹುವಚನದಲ್ಲಿ ಕರೆದಿದ್ದ.

ಹತ್ತು ನಿಮಿಷಕ್ಕೆ ಉಪ್ಪಿನಮ್ಮ ಬಂದರು. ಅವರು ಅಷ್ಟು ಗಡುಸಾಗಿ ಬರೆದದ್ದನ್ನು ನಾನು ಕಂಡಿರಲಿಲ್ಲ.

"ಗುಮಾಸ್ತರೇ, ಸಾಕು ಮಾಡಿ. ಕೋಟೆ ಹೋಗಿದ್ದು ನನ್ನದು, ನನಗಿಲ್ಲದ ಅನುಮಾನ ನಿಮಗೆ ಯಾಕೆ? ಫೋಟೋ ಮಸುಕಾಗಿರುತ್ತೆ, ಮತ್ತೆ ತೆಗೆದಿರ್ತಾರೆ. ಎರಡು ವರ್ಷದಿಂದ ಈ ಕೈಯಲ್ಲಿ ಸೋತೂ ಇದ್ದೀನಿ, ಗೆದ್ದೂ ಇದ್ದೀನಿ. ಮೇಷ್ಟ್ರು ಹಾಗೆ ಮಾಡೋರಲ್ಲ. ಅವರಿಗೆ ಕ್ಷಮೆ ಕೇಳಿ."

ಗುಮಾಸ್ತ ಕೇಳಿದ. "ತಪ್ಪಾಯ್ತು ಮೇಷ್ಟ್ರೇ. ಎಣಿಸೋದು ನನ್ನ ರೋಗ."

ಮುಗಿಯಿತು. ನಾನು ಬಚಾವು. ಫೋಟೋ ಮಸುಕಾಗಿತ್ತು ಎಂದು ಒಂದು ಸಾಲು ಬರೆದರೆ ಸಾಕಿತ್ತು. ಅದನ್ನೂ ಅವರೇ ಬರೆದುಕೊಟ್ಟಿದ್ದರು. ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತೆ. ಎಷ್ಟು ಹೊತ್ತು ನಿಂತೆನೋ, ಸುಟ್ಟ ವಾಸನೆ ಮೊದಲು ಬಡಿದದ್ದು ಅಕ್ಕನ ಮೂಗಿಗೆ.

"ಅಯ್ಯೋ, ಹೊದಿಕೆ! ಎತ್ತೋ ಪೆಟ್ಟಿಗೇನ!" ಓಡಿ ಬಂದು ಕಿತ್ತುಕೊಂಡಳು. ಬಿಳಿಯ ಮೇಲೆ ಕಂದು ತ್ರಿಕೋನ. "ಏನಾಯ್ತೋ ನಿಂಗೆ?"

"ಏನಿಲ್ಲ. ಅವನ್ಯಾವನೋ ಗುಮಾಸ್ತ, ನಾನು ಮೋಸ ಮಾಡ್ದೆ ಅಂತಾನೆ. ಅವನ…"

"ಮಾಡಿದ್ಯಾ?"

"ಯಾರನ್ನ ಕೇಳ್ತಿದ್ದೀಯ ನೀನು? ನನ್ನನ್ನಾ? ಎಲ್ರೂ ಸೇರ್ಕೊಂಡು…"

"ಮಾಡಿದ್ದೀಯ" ಎಂದಳು ಅಕ್ಕ. ಸುಟ್ಟ ಹೊದಿಕೆಯನ್ನು ಮಡಚಿ ಕಂಕುಳಿಗೆ ಇಟ್ಟುಕೊಂಡಳು. "ಮಾಡ್ದೇ ಇದ್ದಾಗ ನೀನು ಮಾತೇ ಆಡಲ್ಲ, ಮೂಲೇಲಿ ಮುಖ ಊದಿಸ್ಕೊಂಡು ಕೂತಿರ್ತೀಯ. ಮಾಡಿದಾಗಲೇ ಕೂಗಾಡೋದು. ನೋಡಪ್ಪಾ, ಆ ಬ್ಯಾಗು ತರೋಕೆ ನಾನು ಹೋಗಿದ್ದೆ. ಆ ಕ್ಲಾಸಿನ ಬಾಗಿಲಲ್ಲಿ ನಿಂತು ನಿನ್ನ ಬ್ಯಾಗು ಕೇಳಿದ್ದು ನಾನು. ಎಲ್ರೂ ನನ್ನನ್ನ ನೋಡಿದ್ರು. ಈ ಸಲ ನಾನು ಹೋಗಲ್ಲ."

ಅಕ್ಕ ಇದನ್ನು ಹತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಬ್ಯಾಗು ತಾನಾಗಿಯೇ ಮನೆಗೆ ಬಂದಿತ್ತು ಅನ್ನುವ ಹಾಗೆ ನಾನೂ ಇದ್ದುಬಿಟ್ಟಿದ್ದೆ.

ನೋಟುಬುಕ್ಕು ತೆಗೆದು ಗೀಟು ಹೊಡೆದ ಒಂಬತ್ತರ ಫೋಟೋ ತೆಗೆದೆ. ಅಂಚು ಕತ್ತರಿಸಲಿಲ್ಲ. ಮೇಜು, ಪೆಟ್ಟಿಗೆ, ರಾಶಿ, ಎಲ್ಲ ಇತ್ತು. ಕೆಳಗೆ ಬರೆದೆ:

"ಗುಮಾಸ್ತರ ಲೆಕ್ಕ ಸರಿ. ಎರಡನೇ ಕೋಟೆಗೆ ಬಿದ್ದದ್ದು ಒಂಬತ್ತು. ಗೆದ್ದದ್ದು ಉಪ್ಪಿನಮ್ಮ. ಆಲೂಗಡ್ಡೆ ಸಿಟ್ಟಿಗೆ ನಾನು ಮೂರು ಬೀಳುವವರೆಗೆ ಉರುಳಿಸಿದೆ. ನಾನು ಮೇಷ್ಟ್ರಲ್ಲ. ಇಸ್ತ್ರಿ ಅಂಗಡಿಯಲ್ಲಿ ಕೆಲಸ. ಓದಿದ್ದು ಒಂಬತ್ತನೇ ಕ್ಲಾಸಿನ ಅರ್ಧ."

ಸಂಜೆಗೆ ಎಲ್ಲರೂ ಒಟ್ಟಿಗೆ ಬಂದರು. ಮೂರು ವಾರದ ಆಟ ನೀರುಪಾಲು ಎಂದು ಒಬ್ಬ ಬೈದ. ಇನ್ನೊಬ್ಬ ಬಿಟ್ಟೇ ಹೋದ. ಲಾರಿ ಬರೆದ: "ಗೆದ್ದೆ ಅಂತ ಸ್ಟ್ಯಾಂಡಿನೋರಿಗೆಲ್ಲ ಟೀ ಕುಡಿಸಿದ್ದೆ ಕಣಯ್ಯಾ. ಈಗ ಅವರ ಮುಂದೆ ಏನಂತ ಹೋಗ್ಲಿ? ನೀನು ಇಸ್ತ್ರಿ ಮಾಡಿದ್ರೆ ನಂಗೇನು, ನಾನು ಸ್ಟೇರಿಂಗ್ ತಿರುಗಿಸ್ತೀನಿ. ಮೇಷ್ಟ್ರಾಗು ಅಂತ ಯಾರು ನಿನ್ನ ಕೇಳಿದ್ರು?" ನಿಜವಾಗಿಯೂ ಯಾರೂ ಕೇಳಿರಲಿಲ್ಲ.

ಉಪ್ಪಿನಮ್ಮ ಎರಡು ದಿನ ಬಿಟ್ಟು, ಶುಕ್ರವಾರ ಹನ್ನೆರಡು ಗಂಟೆಗೆ, ಆಜ್ಞೆ ಬರುತ್ತಿದ್ದ ಹೊತ್ತಿಗೇ, ಬರೆದರು.

"ಕೋಟೆ ಹೋದಾಗ ನಾನು ಅಳಲಿಲ್ಲ, ಅದು ಕಾಗದದ ಕೋಟೆ. ನಿಮ್ಮ ಪರ ನಿಂತು ಗುಮಾಸ್ತರನ್ನ ಗದರಿಸಿದೆ, ನಿಜ ಹೇಳಿದವರ ಬಾಯಲ್ಲಿ ತಪ್ಪಾಯ್ತು ಅನ್ನಿಸಿದೆ. ಅದು ಕಾಗದದ್ದಲ್ಲ. ಮೊದಲು ಅವರಿಗೆ ಕ್ಷಮೆ ಕೇಳಿ. ನನ್ನದು ಆಮೇಲೆ ನೋಡೋಣ. ಇನ್ನು ಮುಂದೆ ದಾಳ ಅವರೇ ಉರುಳಿಸಲಿ. ಆದ್ರೆ ಆ ಕಾಳಗದ ವರದಿ ನೀವು ಬರೀಬೇಕು. ನಾನು ನೀರು ಬಿಟ್ಟಿದ್ದು ಹೇಗಿತ್ತು ಅಂತ ನಾನು ಓದೇ ಇಲ್ಲ. ಅದು ನನಗೆ ಬರಬೇಕಾದದ್ದು."

ಗುಮಾಸ್ತನಿಗೆ ಬರೆದೆ. ನಾಲ್ಕು ಸಲ ಅಳಿಸಿದೆ. ಅಳಿಸಿದ್ದರಲ್ಲೆಲ್ಲ "ಆದರೆ" ಎಂಬ ಮಾತು ಇತ್ತು. ಕೊನೆಗೆ ಅದಿಲ್ಲದೆ ಕಳಿಸಿದೆ. "ಸರಿ" ಎಂದ. ಅಷ್ಟೇ. ನಕ್ಷೆ, ನಿಯಮ, ಲೆಕ್ಕ ಎಲ್ಲ ಅವನಿಗೆ ಒಪ್ಪಿಸಿದೆ.

ವರದಿಗೆ ಕೂತೆ. ತೂಬು ಎತ್ತುವುದು, ಬೆಳದಿಂಗಳಲ್ಲಿ ಬದುಗಳು ಒಂದೊಂದೇ ಮುಳುಗುವುದು, ಹಗ್ಗ ಹಿಡಿದು ಒದ್ದೆಯಾಗಿ ಮೇಲೆ ಬರುವ ಸೈನಿಕರು, ಇಷ್ಟರವರೆಗೆ ಸರಾಗವಾಗಿ ಬಂತು. ಆಮೇಲೆ ಕೋಟೆಯವರು ಸೆರೆಯಾಳುಗಳಿಗೆ ಊಟ ಹಾಕಬೇಕು. ಅಲ್ಲಿ ನಿಂತೆ. ತಟ್ಟೆಯಲ್ಲಿ ಏನಿತ್ತು?

ಹಿಂದೆ ಆಗಿದ್ದರೆ ಬಾಯಿಗೆ ಬಂದದ್ದು ಬರೆಯುತ್ತಿದ್ದೆ. ಇಲ್ಲವೇ ಆ ಸಾಲನ್ನೇ ಹಾರಿಸುತ್ತಿದ್ದೆ. ಗೊತ್ತಿಲ್ಲ ಎಂದು ಕೇಳುವುದಕ್ಕಿಂತ ಬೆಂಚು ಒದೆಯುವುದು ಸುಲಭ. ಪೆಟ್ಟಿಗೆ ಆರಿಸಿ, ಕೈ ಒರೆಸಿಕೊಂಡು ಉಪ್ಪಿನಮ್ಮನಿಗೆ ಬರೆದೆ: "ಆ ಕಾಲದಲ್ಲಿ ಸೈನಿಕರು ಏನು ತಿಂತಿದ್ರು ಅಮ್ಮಾ? ನನಗೆ ಗೊತ್ತಿಲ್ಲ."

ಹೊದಿಕೆಯ ಒಂದು ಕಟ್ಟು ಮುಗಿಯುವಷ್ಟರಲ್ಲಿ ಉತ್ತರ ಬಂತು.

"ಬೇರೆ ಗೆಡ್ಡೆಗಳಿದ್ದವು. ಕಾಳು ಇತ್ತು. ಅಂಗಡಿಯಲ್ಲಿ ಗಿರಾಕಿ ಇದ್ದಾರೆ. ಪಟ್ಟಿ ಆಮೇಲೆ ಕಳಿಸ್ತೀನಿ."

ಎರಡು ಸಲ ಓದಿದೆ. ಮುಂಚೆ ನನ್ನ ಜೊತೆ ಮಾತಿಗೆ ಬಂದಾಗಲೆಲ್ಲ ಅವರು "ಮೇಷ್ಟ್ರೇ" ಎನ್ನುತ್ತಿದ್ದರು. ಇದರಲ್ಲಿ ಅದಿರಲಿಲ್ಲ. ಅದರ ಜಾಗದಲ್ಲಿ ಬೇರೆ ಯಾವ ಕರೆಯೂ ಇರಲಿಲ್ಲ.

"ತಟ್ಟೆ ಮುಚ್ಚಿಟ್ಟಿದ್ದೀನಿ" ಎಂದಳು ಅಕ್ಕ ಒಳಗಿನಿಂದ. ಅವಳೂ ಅವತ್ತು ರಾಜರೇ ಎನ್ನಲಿಲ್ಲ.

ಪಟ್ಟಿ ಬರುವವರೆಗೆ ವರದಿಯಲ್ಲಿ ಊಟದ ಜಾಗ ಖಾಲಿ ಬಿಟ್ಟು, ಕವರು ಮಡಚತೊಡಗಿದೆ.